ಮೊದಲ ತುಂಡಿನ ಮೇಲೆ ಒತ್ತು

ಇಂಗ್ಲಿಷ್ ಮೇಷ್ಟ್ರ ಬಲಗೈ ನಡುಬೆರಳಿನ ಗೆಣ್ಣು ಕರ್ರಗೆ ಜಡ್ಡುಗಟ್ಟಿತ್ತು. ಜಗಲಿಯ ಕಲ್ಲಿಗೆ ಕುಟ್ಟಿ ಕುಟ್ಟಿ ಆದದ್ದು ಅದು. ಏರ್‌ಪೋರ್ಟಿಗೆ ಹತ್ತಿರದ ವಿಜಯಪುರದಲ್ಲಿ ನಮ್ಮ ಪಕ್ಕದ ಮನೆ ಅವರದು. ರಿಟೈರ್ ಆದ ಮೇಲೂ ಸಂಜೆ ನಾಲ್ಕಾರು ಹುಡುಗಿಯರನ್ನು ಕೂರಿಸಿಕೊಂಡು ಇಂಗ್ಲಿಷ್ ಪದಗಳನ್ನು ತುಂಡು ಮಾಡಿಸುತ್ತಿದ್ದರು. ಅವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಅವಳಿಗೆ ಏರ್‌ಪೋರ್ಟಿನಲ್ಲಿ ಕೌಂಟರಿನ ಕೆಲಸ ಬೇಕಿತ್ತು. ಸಿಗದಿದ್ದರೆ ನನ್ನ ಹಾಗೆ ರೇಷ್ಮೆಗೂಡು ಬೇಯುವ ನೀರಿನಲ್ಲಿ ಕೈಯಿಟ್ಟು ನೂಲು ತೆಗೆಯಬೇಕು.

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೇಳಿ ಕೇಳಿ ನನಗೂ ಬಂತು. ಸೂಟ್‌ಕೇಸ್ ಅನ್ನಬೇಕಾದರೆ ಸೂಟ್ ಒಂದು ತುಂಡು, ಕೇಸ್ ಒಂದು ತುಂಡು. ಮೊದಲನೆಯದನ್ನು ಒತ್ತಿ ಹೇಳಿ ಕಲ್ಲಿಗೆ ಜೋರಾಗಿ ಕುಟ್ಟಬೇಕು, ಎರಡನೆಯದಕ್ಕೆ ಮೆಲ್ಲಗೆ.

"ಕನ್ನಡದಲ್ಲಿ ಎಲ್ಲಾ ಅಕ್ಷರಕ್ಕೂ ಒಂದೇ ಮರ್ಯಾದೆ ಕಣಮ್ಮ. ಇಂಗ್ಲಿಷಲ್ಲಿ ಹಂಗಲ್ಲ. ಒಂದು ಕೂತ್ಕೊಂಡಿದ್ರೆ ಇನ್ನೊಂದು ನಿಂತ್ಕೊಂಡಿರ್ಬೇಕು" ಅನ್ನುತ್ತಿದ್ದರು.

ತಪ್ಪಿದವರನ್ನು ಬಯ್ಯುತ್ತಿರಲಿಲ್ಲ. ಸರಿಯಾಗುವವರೆಗೆ ಮನೆಗೂ ಬಿಡುತ್ತಿರಲಿಲ್ಲ. ಒಂದು ಪದಕ್ಕೆ ಒಂದು ಸಂಜೆ ಹೋದದ್ದೂ ಉಂಟು. ಇದು ಹುಚ್ಚು ಅಂತ ಅವರ ಮುಖಕ್ಕೇ ಹೇಳಿದ್ದೆ. ನಕ್ಕು ಮತ್ತೆ ಕಲ್ಲಿಗೆ ಕುಟ್ಟಿದರು.

ಇಂಟರ್‌ವ್ಯೂ ದಿನ ಇಸ್ತ್ರಿ ಅಂಗಿ ತೊಟ್ಟು ಮೊಮ್ಮಗಳ ಜೊತೆ ಬಸ್ಸು ಹತ್ತಿದರು. ಹುಡುಗಿ ಒಂದು ಪದವನ್ನೂ ತಪ್ಪಲಿಲ್ಲ. ಪ್ರಶ್ನೆ ಕೇಳಿದವರು ನಮ್ಮ ಕಡೆಯ ಕನ್ನಡದವರೇ. ಅವರಲ್ಲೊಬ್ಬ ನಕ್ಕನಂತೆ.

"ಯಾಕಮ್ಮಾ ಹಂಗೆ ತಿರುಚ್ಕೊಂಡು ಮಾತಾಡ್ತೀಯ? ನೆಟ್ಟಗೆ ಹೇಳು, ಪ್ಯಾಸೆಂಜರ್‌ಗೆ ಅರ್ಥ ಆಗ್ಬೇಕಲ್ಲ" ಅಂದನಂತೆ.

ಕೆಲಸ ಕೊಡಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಅದನ್ನು ಮೇಷ್ಟ್ರಿಗೆ ಹೇಳಿದಳಂತೆ.

ಎರಡು ತಿಂಗಳಾದ ಮೇಲೆ ಅವಳು ಏರ್‌ಪೋರ್ಟಿನ ಇನ್ನೊಂದು ಕಂಪನಿಗೆ ಒಬ್ಬಳೇ ಹೋದಳು. ಎಲ್ಲರ ಹಾಗೆ ಸಪಾಟಾಗಿ ಮಾತಾಡಿದಳು. ಕೌಂಟರಿಗೆ ತಗೊಂಡರು. ಸುದ್ದಿ ಹೇಳಲು ನಾವಿಬ್ಬರೂ ಮೇಷ್ಟ್ರ ಮನೆಗೆ ಹೋದೆವು.

"ಅಲ್ಲಿ ಹೆಂಗೆ ಹೇಳ್ದೆ? ಸೂಟ್‌ಕೇಸ್ ಅನ್ನು, ನೋಡಾಣ" ಅಂದರು.

ಅವಳು ತಲೆ ತಗ್ಗಿಸಿಕೊಂಡು ಹೇಳಿದಳು. ಎರಡು ತುಂಡೂ ಒಂದೇ ಸಮ.

ಮೇಷ್ಟ್ರು ಈ ಸಲ ತಿದ್ದಲಿಲ್ಲ.

"ಹಂಗೇ ಹೇಳು ಮಗಾ. ಇನ್ಮೇಲೆ ಹಂಗೇ ಹೇಳು."

ಮಾರನೆಯ ಸಂಜೆ ಬಂದ ಹುಡುಗಿಯರನ್ನು ಬಾಗಿಲಿನಿಂದಲೇ ವಾಪಸ್ಸು ಕಳಿಸಿದರು. ಆಮೇಲೆ ಯಾರೂ ಬರಲಿಲ್ಲ. ವರ್ಷ ತುಂಬುವುದರೊಳಗೆ ಹೋಗಿಬಿಟ್ಟರು. ಸಕ್ಕರೆ ಕಾಯಿಲೆ ಅಂದರು ಮನೆಯವರು. ಇರಬಹುದು. ಮೊಮ್ಮಗಳಿಗೆ ಆವತ್ತು ರಜೆ ಸಿಗಲಿಲ್ಲ. ಮಣ್ಣಿಗೆ ನಾನೊಬ್ಬಳೇ ಹೋಗಿಬಂದೆ.

ಅವರು ಕಲಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಮೊಮ್ಮಗಳು ಇವತ್ತು ಉಣ್ಣುತ್ತಿರುವುದು ಅದನ್ನು ಮರೆತದ್ದಕ್ಕೆ.