ಪೇಂಟರ್ ವೆಂಕೋಬನ ಕೈ

ದೇವದುರ್ಗದಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ ಗೋಡೆಗಳು ಮಾತಾಡುತ್ತವೆ ಎಂದರೆ ಅದಕ್ಕೆ ಪೇಂಟರ್ ವೆಂಕೋಬನೇ ಕಾರಣ. ಸಿಮೆಂಟು, ಹತ್ತಿಬೀಜ, ಮೂಲವ್ಯಾಧಿಯ ಔಷಧ, ಎಲ್ಲಕ್ಕೂ ಅವನದೇ ಅಕ್ಷರ. ಗೆರೆ ಹಾಕದೆ ಬರೆದರೂ ಸಾಲು ಸೊಟ್ಟಗಾಗುತ್ತಿರಲಿಲ್ಲ. ಒಂದೇ ಷರತ್ತು: ಬ್ರಷ್ಷು ಬಣ್ಣದಲ್ಲಿ ಮುಳುಗುವ ಮೊದಲು ವೆಂಕೋಬ ಸೇಂದಿಯಲ್ಲಿ ಮುಳುಗಿರಬೇಕು.

ಸೇಂದಿ ಎಂದರೆ ಈಚಲ ಮರದಿಂದ ಇಳಿಸಿದ್ದು ಎಂದುಕೊಳ್ಳಬೇಡಿ. ವೆಂಕೋಬನ ಪ್ಲಾಸ್ಟಿಕ್ ಪಾಕೀಟಿನ ಸೇಂದಿ ಮರದ ನೆರಳನ್ನೂ ಕಂಡದ್ದಲ್ಲ. ನೀರು, ಸ್ಯಾಕ್ರಿನ್, ಜೊತೆಗೆ ನಿದ್ದೆ ಬರಿಸುವ ಪುಡಿ. ಊರವರ ಬಾಯಲ್ಲಿ ಅದು ‘ಪೌಡರ್’. ಮುಖಕ್ಕೆ ಕಳೆ ಕೊಡುವ ಪೌಡರ್ ಅಲ್ಲ, ಇದ್ದ ಕಳೆಯನ್ನೂ ಕೀಳುವ ಪೌಡರ್. ಕುಡಿದರೆ ಕೈ ನೆಟ್ಟಗೆ, ಕಾಲು ಸೊಟ್ಟಗೆ. ಹಾಗಾಗಿ ಅವನು ಬರೆಯುವಾಗಲೆಲ್ಲ ಹೆಂಡತಿ ಯಮನಮ್ಮ ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದಳು.

ಒಮ್ಮೆ ಬಸ್‌ಸ್ಟ್ಯಾಂಡಿನ ಗೋಡೆಗೆ ‘ಕಲಬೆರಕೆ ಸೇಂದಿ ಜೀವಕ್ಕೆ ಅಪಾಯ’ ಎಂದು ಬರೆಯುವ ಕೆಲಸ ಬಂತು. ಎರಡು ಪಾಕೀಟು ಏರಿಸಿ ವೆಂಕೋಬ ಏಣಿ ಏರಿದ. ಎದುರಿನ ಪಂಕ್ಚರ್ ಅಂಗಡಿಯ ಸತ್ತಾರ್ ಸಾಬ್ ಕೂತಲ್ಲಿಂದಲೇ ಕೂಗಿದರು:

“ಕ್ಯಾ ವೆಂಕೋಬಣ್ಣ, ಬರ್ಯೋರು ಓದಬಾರ್ದೇನು?”

“ಬರ್ಯೋದು ನನ್ನ ಕೆಲಸ ಸಾಬ್ರ, ಓದೋದು ನಿಮ್ದು.”

“ಇಬ್ರೂ ಬಾಯಿ ಮುಚ್ರಿ,” ಯಮನಮ್ಮ ಕೆಳಗಿನಿಂದ ಗದರಿದಳು. “ಏಣಿ ಅಳ್ಳಾಡಾಕತ್ತದ.”

ಅವಳಿಗೆ ಬೇಕಾದದ್ದು ಇಷ್ಟೇ. ಗಂಡ ಆ ಹಾಳಾದ್ದನ್ನು ಬಿಡಬೇಕು, ಬದುಕಿರಬೇಕು.

ಆ ಬೇಸಿಗೆಯಲ್ಲಿ ಪೊಲೀಸರು ಮೇಲಿಂದ ಮೇಲೆ ದಾಳಿ ಮಾಡಿ ಪಾಕೀಟು ಮಾರುವವರನ್ನೆಲ್ಲ ಓಡಿಸಿದರು. ಯಮನಮ್ಮ ಹನುಮಪ್ಪನಿಗೆ ಕಾಯಿ ಒಡೆದು ಬಂದಳು. ಆದರೆ ಸೇಂದಿ ನಿಂತ ಮೇಲೆ ವೆಂಕೋಬನ ನಿದ್ದೆಯೂ ನಿಂತಿತು. ಚಹಾದ ಬಸಿ ಹಿಡಿಯಲಾಗದಷ್ಟು ಕೈ ನಡುಗಿತು. ಗೋಡೆಯ ಅಕ್ಷರಗಳೆಲ್ಲ ಇರುವೆಗಳಾಗಿ ಮೈಮೇಲೆ ಹರಿಯುತ್ತಿವೆ ಎಂದು ಅಂಗಿ ಕೊಡವಿಕೊಂಡ. ಒಂದು ಮುಂಜಾನೆ ಕುತ್ತಿಗೆ ಒಂದು ಕಡೆ ಸೆಟೆದು, ಬಾಯಲ್ಲಿ ನೊರೆ ಬಂದು ಅಂಗಳದಲ್ಲೇ ಬಿದ್ದ. ಸತ್ತಾರ್ ಸಾಬ್ ಓಡಿಹೋಗಿ ಗಾಡಿ ತಂದರು. ರಾಯಚೂರಿನ ದೊಡ್ಡ ದವಾಖಾನೆ ಸೇರಿದ್ದಾಯಿತು.

“ಒಮ್ಮೆಲೇ ನಿಂತ್ರ ಹಿಂಗ ಫಿಟ್ಸ್ ಬರ್ತಾವಮ್ಮ,” ಎಂದಳು ಡಾಕ್ಟರ್ ವಿಶಾಖಾ. “ಅವ್ರ ಮೈ ಆ ಪುಡಿಗೆ ಒಗ್ಗಿಹೋಗ್ಯದ. ನಾವು ಅಳತಿ ಮಾಡಿ ನಿದ್ದಿ ಔಷಧ ಕೊಟ್ಟು, ಸ್ವಲ್ಪ ಸ್ವಲ್ಪ ಇಳಸ್ತೀವಿ. ಹೊರಗಿಂದ ಸೇಂದಿ ಒಂದು ಹನಿ ಬರಬಾರ್ದು. ಎರಡೂ ಕೂಡಿದ್ರ ಉಸಿರಾಡೋದನ್ನೇ ಮರೀತಾರ.”

ಯಮನಮ್ಮ ಮಂಚ ಬಿಟ್ಟು ಕದಲಲಿಲ್ಲ. ಇಂಜೆಕ್ಷನ್ ಹಿಡಿಯಿತು, ಗಂಡನ ಕೈ ನಡುಕ ಇಳಿಯಿತು. “ಏಣಿ ಎಲ್ಲದ?” ಎಂದು ಕೇಳಿದ. ಅವಳಿಗೆ ಅಳುವೂ ಬಂತು, ನಗುವೂ ಬಂತು.

ಮಧ್ಯಾಹ್ನ ಮಸರಕಲ್ಲಿನಿಂದ ವೆಂಕೋಬನ ಅಕ್ಕ ಗೋಪಮ್ಮ ಬಂದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ಸೀಮೆಯಲ್ಲಿ ಹಾಸಿಗೆ ಹಿಡಿದವರನ್ನು ಬರಿಗೈಲಿ ನೋಡಲು ಹೋಗುವುದಿಲ್ಲ; ಅವರ ಜೀವ ಬಯಸಿದ್ದನ್ನೇ ಒಯ್ಯಬೇಕು. ಬುತ್ತಿಗಂಟಿನಲ್ಲಿ ರೊಟ್ಟಿ ಇತ್ತು, ಪುಂಡಿಪಲ್ಯ ಇತ್ತು, ಮುಚ್ಚಳದ ಸ್ಟೀಲ್ ಡಬ್ಬಿಯೂ ಇತ್ತು.

“ಹೋಗವ್ವಾ, ನಳದ ಹತ್ರ ಕುಂತು ಎರಡು ರೊಟ್ಟಿ ತಿಂದು ಬಾ. ನಾನದೀನಿ.”

ಯಮನಮ್ಮ ತಿಂದು ಬಂದಾಗ ವೆಂಕೋಬ ಗೊರಕೆ ಹೊಡೆಯುತ್ತಿದ್ದ. ಎಷ್ಟೋ ದಿನಗಳ ಮೇಲೆ ಬಂದ ಗೊರಕೆ. ಹೆಂಡತಿಯೂ ಅಕ್ಕನೂ ಅದನ್ನು ಹಾಡು ಕೇಳಿದಂತೆ ಕೇಳುತ್ತ ಕೂತರು. ನಡುನಡುವೆ ಗೊರಕೆ ನಿಲ್ಲತೊಡಗಿತು. ಯಮನಮ್ಮ ಬಗ್ಗಿ ನೋಡಿದರೆ ತುಟಿ ನೀಲಿಗಟ್ಟಿತ್ತು. ಗಂಡನ ಬಾಯಿಂದ ಪಾಕೀಟಿನ ಸೇಂದಿಯ ವಾಸನೆ.

“ಅಕ್ಕಾ, ಏನ್ ಕುಡಿಸ್ದಿ?”

“ಜೀವ ಬೇಡ್ತಿತ್ತವ್ವಾ. ನಮ್ಮೂರಾಗ ಇನ್ನೂ ಕದ್ದು ಮಾರ್ತಾರ. ನಾಕೇ ಗುಟುಕು.”

“ಸೇಂದಿ ಕುಡಿಸ್ಯಾಳ್ರೀ!” ಯಮನಮ್ಮ ವಾರ್ಡು ಹಾರಿಹೋಗುವಂತೆ ಕೂಗಿದಳು. ಡಾಕ್ಟರು ಓಡಿಬಂದು ಗಂಟಲಿಗೆ ನಳಿಗೆ ಇಳಿಸಿದಳು. ಉಸಿರಾಡಿಸುವ ಯಂತ್ರ ಒಂದೂ ಖಾಲಿ ಇರಲಿಲ್ಲ. ನಳಿಗೆಯ ತುದಿಗೆ ರಬ್ಬರಿನ ಚೀಲ ಸಿಕ್ಕಿಸಿ ಯಮನಮ್ಮನ ಕೈಗೆ ಕೊಟ್ಟಳು.

“ಯಂತ್ರ ಸಿಗೋ ತನಕ ಒತ್ತಬೇಕು, ಬಿಡಬೇಕು. ನಿಲ್ಲಂಗಿಲ್ಲ.”

“ಉಳಿತಾರೇನ್ರೀ?”

“ಒತ್ರಿ ಅಮ್ಮ.”

ಯಮನಮ್ಮ ಒತ್ತಿದಳು. ವೆಂಕೋಬನ ಎದೆ ಏರಿತು. ಬಿಟ್ಟಳು, ಇಳಿಯಿತು. ಗೋಪಮ್ಮ ನೆಲಕ್ಕೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

“ನನಗ ಕೊಡವ್ವಾ. ನಿನ್ನ ಕೈ ಸೋತಾವ.”

“ದೂರ ಸರಿ. ಮುಟ್ಟಬ್ಯಾಡ.”

ಕಿಟಕಿಯ ಬಿಸಿಲು ಮಂಚದಿಂದ ಮಂಚಕ್ಕೆ ಸರಿಯಿತು. ಯಂತ್ರ ಬರಲಿಲ್ಲ. ಯಮನಮ್ಮನ ಬೆರಳು ಮೊದಲು ಜೋಮು ಹಿಡಿದವು, ಆಮೇಲೆ ನಡುಗತೊಡಗಿದವು. ಚೀಲ ಅರ್ಧವೇ ಒತ್ತಿತು; ಗಂಡನ ಎದೆ ಅರ್ಧವೇ ಏರಿತು. ಅತ್ತಿತ್ತ ನೋಡಿದಳು. ನರ್ಸು ಇನ್ನೊಂದು ಮಂಚದ ಬಳಿ ಇದ್ದಳು. ಬೇರೆ ಕೈಗಳು ಇರಲಿಲ್ಲ.

“ಬಾ ಅಕ್ಕಾ,” ಎಂದಳು.

ಗೋಪಮ್ಮ ಎದ್ದಳು. ಡಬ್ಬಿಯ ಮುಚ್ಚಳ ತೆರೆದ ಅವೇ ಎರಡು ಕೈಗಳಲ್ಲಿ ಚೀಲ ಹಿಡಿದು, ತಮ್ಮನ ಮುಖ ನೋಡುತ್ತ ಒತ್ತಿದಳು. ಎದೆ ಪೂರ್ತಿ ಏರಿತು.