ಹತ್ತು ನಲವತ್ತರ ಸಿರಿಂಜು

ಶಕುನ, ಸೂಚನೆ, ಒಳಗಿನ ದನಿ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ಹಲ್ಲಿ ಲೊಚಗುಟ್ಟಿದರೆ ಸಾಕು, ನೆಲ ಕುಟ್ಟಿ "ಕೃಷ್ಣ ಕೃಷ್ಣ" ಎನ್ನುವ ನಮ್ಮ ಅತ್ತೆಗೆ, "ಅದ್ಕೆ ಹಸಿವಾಯ್ತ್, ಅಷ್ಟೇ" ಎಂದು ಎದುರುತ್ತರ ಕೊಟ್ಟು ಬೈಸಿಕೊಂಡವಳು ನಾನು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ, ಬುರುಡೆ ಬಿಡಬೇಡಿ ಎನ್ನುತ್ತಿದ್ದೆ. ನೀವೂ ಹಾಗೆ ಅಂದರೆ ನನಗೇನೂ ಬೇಸರವಿಲ್ಲ.

ಬೈಂದೂರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ಸಹಾಯಕಿ. ಒಂದೇ ಕುರ್ಚಿ, ಒಬ್ಬರೇ ಡಾಕ್ಟರಮ್ಮ, ನಾನೊಬ್ಬಳು. ಡಾಕ್ಟರಮ್ಮ ಬ್ರಹ್ಮಾವರದಿಂದ ಬರುವಷ್ಟರಲ್ಲಿ ನಾನು ಬೀಗ ತೆಗೆದು, ಕಸ ಗುಡಿಸಿ, ಉಪಕರಣ ಬೇಯಿಸಿ, ಟ್ರೇ ಜೋಡಿಸಿರುತ್ತೇನೆ. ಜಂಬ ಅನ್ನಿ ಬೇಕಾದರೆ, ನನ್ನ ಟ್ರೇಯಲ್ಲಿ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ್ದೇ ಕೈಗೆ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಾನು ಜೋಪಾನ ಮಾಡುವುದು ಕೆಂಪು ಮುಚ್ಚಳದ ಡಬ್ಬಿಯನ್ನು.

ಹಲ್ಲು ಕೀಳುವ ಮೊದಲು ವಸಡು ಮರಗಟ್ಟಲು ಒಂದು ಇಂಜೆಕ್ಷನ್ ಕೊಡುತ್ತಾರಲ್ಲ, ಅದು ತೀರಾ ಅಪರೂಪಕ್ಕೆ ಯಾರೋ ಒಬ್ಬರ ಮೈಗೆ ಒಗ್ಗದೆ ಜೀವಕ್ಕೇ ಕುತ್ತು ತರುತ್ತದೆ. ಆಗ ಕೊಡಬೇಕಾದ ಅಡ್ರಿನಾಲಿನ್ ಎಂಬ ಮದ್ದು ಆ ಡಬ್ಬಿಯಲ್ಲಿರುತ್ತದೆ, ಎರಡು ಪುಟ್ಟ ಗಾಜಿನ ಕುಪ್ಪಿಗಳಲ್ಲಿ. ಅಲ್ಲಿಯವರೆಗೆ ಅದನ್ನು ಬಳಸುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ. ಅವಧಿ ಮುಗಿದಾಗ ಬದಲಾಯಿಸುವುದು, ಮತ್ತೆ ಮುಚ್ಚಿಡುವುದು. "ಅಕ್ಕ, ಆ ಡಬ್ಬಿಗೆ ದಿನಾ ಒಂದ್ ಹೂಗ್ ಇಡುದೊಂದೇ ಬಾಕಿ ಕಾಣಿ" ಎಂದು ಡಾಕ್ಟರಮ್ಮ ತಮಾಷೆ ಮಾಡುತ್ತಿದ್ದರು.

ನಮ್ಮಲ್ಲೊಂದು ನಿಯಮವಿದೆ. ಮದ್ದನ್ನು ಮುಂಚೆಯೇ ಸಿರಿಂಜಿಗೆ ತುಂಬಿಡಬಾರದು. ತುಂಬಿದರೆ ಬಿಳಿ ಟೇಪಿನ ಮೇಲೆ ಮದ್ದಿನ ಹೆಸರು, ತುಂಬಿದ ಹೊತ್ತು ಬರೆದು ಅಂಟಿಸಬೇಕು. ಯಾರು ತುಂಬಿದ್ದೆಂದು ಗೊತ್ತಿಲ್ಲದ ಸಿರಿಂಜು ಸೀದಾ ಕಸಕ್ಕೆ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವಳೂ ನಾನೇ.

ಅಂದು ಮೊದಲ ರೋಗಿಯನ್ನು ಕರೆಯುವ ಮುಂಚೆ ಎಂದಿನಂತೆ ಕೆಂಪು ಡಬ್ಬಿ ತೆರೆದೆ. ಒಳಗೆ ಒಂದು ಕುಪ್ಪಿ ಸರಿಯಾಗಿತ್ತು. ಇನ್ನೊಂದರ ಕತ್ತು ಮುರಿದಿತ್ತು, ಖಾಲಿ. ಪಕ್ಕದಲ್ಲಿ ತುಂಬಿದ ಸಿರಿಂಜು. ಅಳತೆ ದೊಡ್ಡವರಿಗೆ ಕೊಡುವಷ್ಟೇ, ಅರ್ಧ ಎಂಎಲ್. ಮೇಲಿನ ಟೇಪಿನಲ್ಲಿ ನನ್ನದೇ ಅಕ್ಷರ: ಅಡ್ರಿನಾಲಿನ್, 10:40.

ಗೋಡೆಯ ಗಡಿಯಾರ ನೋಡಿದೆ. ಹತ್ತು ಗಂಟೆ ಹತ್ತು ನಿಮಿಷ. ಮೊಬೈಲಿನಲ್ಲೂ ಅಷ್ಟೇ. ಹಿಂದಿನ ಸಂಜೆ ಬೀಗ ಹಾಕುವಾಗ ಎರಡೂ ಕುಪ್ಪಿ ಇಡಿಯಾಗಿದ್ದವು, ಎಣಿಸಿಯೇ ಮುಚ್ಚಿದ್ದೆ. ಡಬ್ಬಿಯನ್ನು ಮುಟ್ಟುವವರು ಬೇರೆ ಯಾರೂ ಇಲ್ಲ. ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ, ನನಗಾಗ ನಲವತ್ತೆಂಟು! ನಿಯಮದಂತೆ ಎಸೆಯಬೇಕೆಂದು ಸಿರಿಂಜನ್ನು ಕೈಗೆ ತೆಗೆದುಕೊಂಡೆ. ಅಷ್ಟರಲ್ಲಿ ಡಾಕ್ಟರಮ್ಮ ಕರೆದರು. ಅವಸರದಲ್ಲಿ ಅದನ್ನು ಮತ್ತೆ ಡಬ್ಬಿಗೇ ಹಾಕಿ ಹೋದೆ.

ಕುರ್ಚಿಯಲ್ಲಿ ಕೂತಿದ್ದವರು ಸರೋಜಕ್ಕ. ಗಂಡ ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು, ಹೊರಗೆ ಬೆಂಚಿನ ಮೇಲಿದ್ದರು. ಯಾವುದಾದರೂ ಇಂಜೆಕ್ಷನ್ ಒಗ್ಗದೆ ತೊಂದರೆ ಆದದ್ದುಂಟೇ ಎಂದು ಎಲ್ಲರಲ್ಲಿ ಕೇಳುವಂತೆ ಅವರಲ್ಲೂ ಕೇಳಿದೆ.

"ಇಲ್ಲೆ ಮರಾಯ್ತಿ. ಬೊಂಬಾಯಂಗೆ ಒಂದ್ ಹಲ್ಲ್ ಕೀಳ್ಸಿದ್ದೆ, ಎಂತದೂ ಆಯಿಲ್ಲೆ" ಎಂದರು.

ಇಂಜೆಕ್ಷನ್ ಕೊಟ್ಟಾಯಿತು. ಸ್ವಲ್ಪ ಹೊತ್ತಿಗೆ ಸರೋಜಕ್ಕ ಅಂಗೈ ತುರಿಸಿಕೊಳ್ಳತೊಡಗಿದರು. ಕುತ್ತಿಗೆಯ ಮೇಲೆ ಕೆಂಪು ದದ್ದುಗಳೆದ್ದವು. ತುಟಿ ನೋಡುನೋಡುತ್ತಿದ್ದಂತೆ ಬಾತುಕೊಂಡಿತು. "ಉಸ್ರ್ ಬತ್ತಿಲ್ಲೆ..." ಎಂದವರಿಗೆ ಮುಂದೆ ಮಾತು ಹೊರಡಲಿಲ್ಲ. ಡಾಕ್ಟರಮ್ಮ ಕುರ್ಚಿಯನ್ನು ಮಲಗಿಸಿ, ಕಾಲು ಎತ್ತರಿಸಿ, ಆಕ್ಸಿಜನ್ ಇಡುತ್ತಲೇ "ಅಡ್ರಿನಾಲಿನ್!" ಎಂದು ಕೂಗಿದರು.

ನಾನು ಉಳಿದಿದ್ದ ಕುಪ್ಪಿಗೇ ಕೈ ಹಾಕಿದೆ. ಕುಪ್ಪಿ ಜಾರಿ ನೆಲಕ್ಕೆ ಬಿದ್ದು ಪುಡಿಯಾಯಿತು. ಇನ್ನು ಉಳಿದದ್ದು ಆ ಸಿರಿಂಜು ಒಂದೇ. ತೆಗೆದು ಕೊಟ್ಟೆ.

ಡಾಕ್ಟರಮ್ಮ ಟೇಪು ನೋಡಿ ಒಂದು ಕ್ಷಣ ತಡೆದರು. "ಅಕ್ಕ, ಇದ್ ಯಾರ್ ತುಂಬಿದ್ದ್?"

ಗೊತ್ತಿಲ್ಲ ಎಂದಿದ್ದರೆ ಅವರು ಅದನ್ನು ಕೊಡುತ್ತಿರಲಿಲ್ಲ. ಒಳಗಿದ್ದದ್ದು ಬೇರೇನಾದರೂ ಆಗಿದ್ದು, ಅದನ್ನೇ ಕೊಟ್ಟಿದ್ದರೆ, ಆ ಹೆಂಗಸಿನ ಜೀವ ನನ್ನ ತಲೆಯ ಮೇಲೆ.

"ನಾನೇ" ಎಂದೆ. "ನನ್ ಅಕ್ಷರ ಕಾಣಿ. ಕೊಡಿ ಮೇಡಂ."

ಅವರು ಕೂಡಲೇ ಸೀರೆಯ ಮೇಲಿಂದಲೇ ತೊಡೆಗೆ ಚುಚ್ಚಿದರು. ನನ್ನ ಒಂದೇ ಮಾತಿನ ಮೇಲೆ! ಆ ನಂಬಿಕೆಯನ್ನು ನೆನೆದರೆ ಇಂದಿಗೂ ನನ್ನ ಎದೆ ತುಂಬುತ್ತದೆ. ಕೊಟ್ಟ ಹೊತ್ತು ಬರೆದಿಡುವುದು ನನ್ನ ಕೆಲಸ. ಗಡಿಯಾರ ನೋಡಿದೆ. ಹತ್ತು ನಲವತ್ತು.

ನಿಧಾನಕ್ಕೆ ಸರೋಜಕ್ಕನ ಉಸಿರು ತಿಳಿಯಾಯಿತು. ಕಣ್ಣು ಬಿಟ್ಟು, ಮಗುವಿನ ಹಾಗೆ ನನ್ನ ಬೆರಳು ಹಿಡಿದುಕೊಂಡರು. ಆಂಬುಲೆನ್ಸಿನಲ್ಲಿ ಕುಂದಾಪುರಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ಒಳ್ಳೆ ಕೆಲಸ ಮಾಡಿದ್ದೀರಿ ಎಂದರು. ಬೈಂದೂರಿನ ಒಂದು ಕುರ್ಚಿಯ ಕ್ಲಿನಿಕ್ಕಿಗೆ ಸಿಕ್ಕಿದ ಆ ಮಾತನ್ನು ನಾನು ಊರಿಡೀ ಹೇಳಿಕೊಂಡು ಬಂದೆ.

ಸರೋಜಕ್ಕನ ಗಂಡ ಆಮೇಲೆ ಬಾಯಿಬಿಟ್ಟರು. ಮುಂಬೈಯಲ್ಲಿ ಹಲ್ಲು ಕೀಳಿಸಿದ ದಿನವೂ ಮೈಯೆಲ್ಲ ದದ್ದೆದ್ದು ತುಟಿ ಬಾತಿತ್ತಂತೆ. ಚರ್ಮದ ಮೇಲೆ ಏನೆದ್ದರೂ ನಮ್ಮ ಕಡೆ ಮೊದಲು ನೆನಪಾಗುವುದು ನಾಗಬನ. ಇದು ನಾಗನ ಮುನಿಸೆಂದು ಊರಿಗೆ ಬಂದು ನಾಗನ ಕಲ್ಲಿಗೆ ಹಾಲು, ಎಳನೀರಿನ ತನು ಎರೆಸಿದರು, ಅಲ್ಲಿಗೆ ಮುಗಿಯಿತು. ಸರೋಜಕ್ಕ ನನಗೆ ಸುಳ್ಳು ಹೇಳಿರಲಿಲ್ಲ. ಅವರ ಮಟ್ಟಿಗೆ ಅದು ಇಂಜೆಕ್ಷನ್ನಿನ ವಿಷಯವೇ ಆಗಿರಲಿಲ್ಲ. ಈಗ ನಾನು ಪ್ರಶ್ನೆ ಬದಲಾಯಿಸಿದ್ದೇನೆ, "ನಾಗನಿಗೆ ಎಂತಕ್ಕಾರೂ ತನು ಎರ್ಸಿದ್ರಾ?" ಎಂದೂ ಕೇಳುತ್ತೇನೆ. ಕೆಲವರು ನಗುತ್ತಾರೆ, ನಗಲಿ.

ಆದರೆ ಸಿರಿಂಜು? ಮೈಮರೆವಿನಲ್ಲಿ ನಾನೇ ತುಂಬಿರಬಹುದು, ಒಪ್ಪೋಣ. ಆ ಹೊತ್ತನ್ನು ಬರೆದದ್ದು? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದುಕೊಂಡು ಮಲಗಿದ್ದೇನೆ, ನಿದ್ದೆ ಬಂದಿಲ್ಲ. ಡಾಕ್ಟರಮ್ಮನಿಗೆ ಇದನ್ನು ಈವರೆಗೆ ಹೇಳಿಲ್ಲ, ಇದನ್ನು ಓದಿಯೇ ತಿಳಿಯಬೇಕು. ಬೈದರೆ ಬೈಯಲಿ.

ಸರೋಜಕ್ಕ ಕೊಲ್ಲೂರಿಗೆ ಹೋದಾಗಲೆಲ್ಲ ಪ್ರಸಾದ ತಂದು ಕೊಟ್ಟು, ನನ್ನ ಬಲಗೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. "ಈ ಕೈಯೇ ಅಲ್ದಾ" ಎನ್ನುತ್ತಾರೆ. ನಾನು ಕೈ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಹೆಮ್ಮೆಯಿಂದಲೇ ಕೊಡುತ್ತೇನೆ. ಕುಪ್ಪಿ ಬೀಳಿಸಿದ್ದು ಈ ಕೈ, ಅದು ನನಗೆ ಚೆನ್ನಾಗಿ ನೆನಪಿದೆ. ಸಿರಿಂಜು ತುಂಬಿದ್ದೂ ಇದೇ ಕೈಯೇ ಎಂದು ಕೇಳಿದರೆ, ಅಂದು "ನಾನೇ" ಎಂದು ನಾನು ಹೇಳಿದ್ದು ಸುಳ್ಳೋ ನಿಜವೋ, ನನಗಿನ್ನೂ ಗೊತ್ತಿಲ್ಲ.