ಪ್ರಶ್ನೆ ಮೇಡಂ ಕೊಟ್ಟ ವರದಿ

ಪಾಯ ತೋಡುವ ಮೊದಲು ಅವಳು ಬರಬೇಕು. ಕಟ್ಟಿಸುವವರು, ನಕ್ಷೆ ಬರೆಯುವವರು, ಕಟ್ಟುವವರು ಒಂದೇ ಒಪ್ಪಂದಕ್ಕೆ ಸಹಿ ಹಾಕಿ, ಕಷ್ಟಸುಖ ಹಂಚಿಕೊಂಡು ದುಡಿಯಬಲ್ಲರೇ ಎಂದು ತೂಗಿ ನೋಡುವುದು ಅವಳ ಕೆಲಸ. ಅದಕ್ಕೂ ಮುಂಚೆ ಇಪ್ಪತ್ತೊಂದು ವರ್ಷ ಸೈಟ್ ಎಂಜಿನಿಯರಾಗಿ ಬಿಸಿಲು ಕುಡಿದವಳು. ಜನ ಬೆನ್ನ ಹಿಂದೆ ‘ಪ್ರಶ್ನೆ ಮೇಡಂ’ ಎನ್ನುತ್ತಿದ್ದರು. ಹೋದಲ್ಲೆಲ್ಲ ಮರ್ಯಾದೆಯ ಕುರ್ಚಿ ಸಿಗುತ್ತಿತ್ತು. ಪಕ್ಕದಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ.

ಆ ಸಲ ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡ. “ನಾವು ರೆಡಿ ಮೇಡಂ” ಎಂದು ಮೂರೂ ಕಡೆಯವರು ತಲೆಯಾಡಿಸಿದರು. ಅವಳು ಒಬ್ಬೊಬ್ಬರನ್ನೇ ಕರೆದು ಕೇಳಿದಳು: “ಹಿಂದಿನ ಕೆಲಸದಲ್ಲಿ ಎಡವಟ್ಟಾದಾಗ ಮೊದಲು ಯಾರಿಗೆ ಹೇಳಿದ್ರಿ?”

ಕಂಟ್ರಾಕ್ಟರ್ ಕತ್ತು ಕೆರೆದುಕೊಂಡ. “ಹೇಳಿದ್ರೆ ನನ್ನ ತಲೆಗೇ ಕಟ್ತಾರೆ. ಒಡೆದು, ಮುಚ್ಚಿ, ಸುಮ್ಮನಾದೆ.”

“ನಾನು ಕಾಗದದಲ್ಲಿ ಬರೆದಿಟ್ಕೋತೀನಿ. ನಾಳೆ ನನ್ನ ಮೇಲೆ ಬರಬಾರದಲ್ಲ” ಎಂದ ಆರ್ಕಿಟೆಕ್ಟ್.

ಆಸ್ಪತ್ರೆಯ ಮುಖ್ಯಸ್ಥರು ಗಡಿಯಾರ ನೋಡಿದರು. “ನಮಗೆ ಯಾರೂ ಏನೂ ಹೇಳೋದೇ ಇಲ್ಲ.”

‘ಇನ್ನೂ ಸಿದ್ಧರಿಲ್ಲ’ ಎಂದು ಅವಳು ಬರೆದಳು. ಮೂರು ತಿಂಗಳು, ವಾರಕ್ಕೊಮ್ಮೆ ಎಲ್ಲರೂ ಒಂದೇ ಮೇಜಿಗೆ ಕೂತು ನಕ್ಷೆ ನೋಡಬೇಕು. ತಪ್ಪು ಒಪ್ಪಿಕೊಂಡವನ ಮೇಲೆ ಯಾರೂ ಏರಿ ಹೋಗಕೂಡದು.

ವರದಿ ಓದಿದ ಮುಖ್ಯಸ್ಥರು ಕೆಂಡವಾದರು. “ಅಲ್ಲೀವರೆಗೆ ಮಕ್ಕಳು ವರಾಂಡದಲ್ಲಿ ಮಲಗ್ಬೇಕಾ?”

“ಕೆಲಸ ಅರ್ಧಕ್ಕೆ ನಿಂತ್ರೆ ಇನ್ನೂ ಮೂರು ವರ್ಷ ಮಲಗ್ತಾರೆ ಸಾರ್.”

ಅಷ್ಟು ಹೊತ್ತೂ ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡಿದ್ದ ಮೂವರೂ ಒಟ್ಟಿಗೇ ಊಟಕ್ಕೆ ಹೊರಟರು. ಬಾಗಿಲಾಚೆ ಯಾರೋ ಏನೋ ಅಂದರು, ನಗು ಕೇಳಿಸಿತು. ನನ್ನ ಬೈಯೋಕಾದರೂ ಒಂದಾದರಲ್ಲ ಎಂದುಕೊಂಡು ಅವಳು ಖಾಲಿ ಕೋಣೆಯಲ್ಲಿ ಬುತ್ತಿ ಬಿಚ್ಚಿದಳು. ಎರಡು ತುತ್ತು ತಿಂದು ಡಬ್ಬಿ ಮುಚ್ಚಿದಳು. ಅಕ್ಕನಿಗೆ ಫೋನ್ ಮಾಡಿದಳು. “ಮೊಮ್ಮಗೂಗೆ ಸ್ನಾನ ಮಾಡಿಸ್ತಿದೀನಿ ಕಣೇ, ಆಮೇಲೆ ನಾನೇ ಮಾಡ್ತೀನಿ” ಎಂದ ಅಕ್ಕ ಮರೆತೇಬಿಟ್ಟಳು.

ಏಳನೇ ವಾರ ಕಂಟ್ರಾಕ್ಟರ್‌ನ ಫೋನ್ ಬಂತು. “ಮೇಡಂ, ಆಕ್ಸಿಜನ್ ಪೈಪು ನೇರ ತೊಲೆಗೇ ಬಡೀತಿತ್ತು. ನಕ್ಷೇಲೇ ಸಿಕ್ಕಿಬಿತ್ತು. ನನ್ನ ತಪ್ಪೂ ಇತ್ತು, ಬಾಯಿಬಿಟ್ಟು ಹೇಳಿದೆ. ಯಾರೂ ಬೈಲಿಲ್ಲ!”

“ಒಳ್ಳೇದಾಯ್ತಪ್ಪ” ಎಂದಳು. ಇನ್ನೇನಾದರೂ ಹೇಳುತ್ತಾನೇನೋ ಎಂದು ಕಾದಳು. ಯಾರೋ ಅವನನ್ನು ಕೂಗಿದರು, ಫೋನ್ ಇಟ್ಟ.

ಮೂರು ತಿಂಗಳು ಮುಗಿದ ಮೇಲೆ ಒಪ್ಪಂದಕ್ಕೆ ಸಹಿ ಬಿತ್ತು. ಕಟ್ಟಡ ಹೇಳಿದ ದಿನಕ್ಕೇ ಮುಗಿಯಿತು. ಉದ್ಘಾಟನೆಗೆ ಅವಳನ್ನು ಕರೆಯುವುದು ಯಾರಿಗೂ ನೆನಪಾಗಲಿಲ್ಲ. ಮುಂದಿನ ವಾರ ತಾನೇ ಬಸ್ಸು ಹತ್ತಿ ಹೋದಳು.

“ಯಾರನ್ನ ನೋಡ್ಬೇಕಮ್ಮ?” ಎಂದ ಗೇಟಿನ ಕಾವಲುಗಾರ.

“ಯಾರನ್ನೂ ಇಲ್ಲ. ಹಾಗೇ ನೋಡ್ಕೊಂಡು ಹೋಗೋಣ ಅಂತ.”

“ಹಾಗೆಲ್ಲ ಒಳಗೆ ಬಿಡಲ್ಲಮ್ಮ.”

ಅವಳು ವಾದಿಸಲಿಲ್ಲ. ಕಾಂಪೌಂಡಿನಾಚೆ ನಿಂತು ಮಹಡಿ ಮಹಡಿಗೂ ಕಣ್ಣಾಡಿಸಿದಳು. ಕಿಟಕಿಗಳಲ್ಲಿ ಪುಟ್ಟ ಪುಟ್ಟ ಅಂಗಿಗಳು ಒಣಗುತ್ತಿದ್ದವು. ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ಹಿಡಿದು, ಮರುದಿನ ನೋಡಬೇಕಿದ್ದ ಹೊಸ ಶಾಲೆ ಕಟ್ಟಡದ ಕಡತ ಬಿಚ್ಚಿದಳು.